ಕೈಮುಗಿಯುವುದೋ, ಚಿತ್ರ ಬರೆಯುವುದೋ

ದೇವರನ್ನು ನೋಡುವ ಕಣ್ಣೂ ರೂಪವನ್ನು ನೋಡುವ ಕಣ್ಣೂ ಒಂದೆಯೋ ಬೇರೆಯೋ, ಒಂದನ್ನು ಚೆನ್ನಾಗಿ ಪಳಗಿಸಿದರೆ ಮತ್ತೊಂದು ಮಸುಳಿಹೋಗುವುದೋ ಎಂಬ ಪ್ರಶ್ನೆ ಪಂಡಿತರ ಗೋಷ್ಠಿಯಲ್ಲಿ ಹುಟ್ಟಿದ್ದರೆ ನಾನು ಅದಕ್ಕೆ ಇಷ್ಟು ಮನಸ್ಸು ಕೊಡುತ್ತಿರಲಿಲ್ಲವೇನೋ. ಅದು ನನ್ನ ತಂಗಿಯ ಮಗಳ ಕಾಗದದಲ್ಲಿ ಬಂದಿತು. ದಾವಣಗೆರೆಯಲ್ಲಿ 1964ರಲ್ಲಿ ಪ್ರಾರಂಭವಾಗಿ ಈಗ ವಿಶ್ವವಿದ್ಯಾನಿಲಯದ ದೃಶ್ಯಕಲಾ ಮಹಾವಿದ್ಯಾಲಯವಾಗಿರುವ ನಮ್ಮೂರ ಕಲಾಶಾಲೆಯಲ್ಲಿ ಓದು ಮುಗಿಸಿ, ವಿನ್ಯಾಸದಲ್ಲಿ ಹೆಚ್ಚಿನ ವ್ಯಾಸಂಗಕ್ಕೆಂದು ಲಂಡನ್ನಿಗೆ ಹೋಗಿರುವ ಆ ಹುಡುಗಿ, ರೇಖಾಭ್ಯಾಸಕ್ಕಾಗಿ ಬ್ರಿಟಿಷ್ ಮ್ಯೂಸಿಯಮಿಗೆ ಹೋದವಳು, ಆಳೆತ್ತರದ ಒಂದು ಮರಳುಗಲ್ಲಿನ ವಿಗ್ರಹದೆದುರು ನಿಂತು, ಅದು ಹರಿಹರನೆಂದು ಗುರುತಿಸಿದಳಂತೆ. ಕೈಯಲ್ಲಿ ಪೆನ್ಸಿಲಿತ್ತು, ತೋಳಿನ ಮೇಲೆ ಹಲಗೆಯಿತ್ತು. "ಮಾಮ, ಕೈ ಮುಗೀಬೇಕೋ ಚಿತ್ರ ಬರೀಬೇಕೋ ತಿಳೀಲಿಲ್ಲ. ಬರೆದೆ. ಬರೆದದ್ದು ತಪ್ಪಾಯ್ತೇನೋ ಅಂತ ರಾತ್ರಿಯೆಲ್ಲಾ ಅನ್ನಿಸ್ತು" ಎಂದು ಬರೆದಿದ್ದಳು.

ಅವಳು ಕಂಡ ವಿಗ್ರಹ ಖಜುರಾಹೋವಿನದು, ಕ್ರಿ. ಶ. 1000ದ ಆಸುಪಾಸಿನದು. 1872ರಲ್ಲಿ ಬ್ರಿಡ್ಜ್ ಮನೆತನದವರು ಕೊಟ್ಟ ಸಂಗ್ರಹದೊಡನೆ ಅದು ಆ ಮ್ಯೂಸಿಯಮನ್ನು ಸೇರಿತು. ಆ ಸಂಗ್ರಹದ ಬಹುಭಾಗವನ್ನು ಮೊದಲು ಕೂಡಿಹಾಕಿದವನಾದರೋ ಚಾರ್ಲ್ಸ್ ಸ್ಟುವರ್ಟ್ ಎಂಬ ಐರ್ಲೆಂಡಿನ ಸೇನಾಧಿಕಾರಿ. ಈಸ್ಟ್ ಇಂಡಿಯಾ ಕಂಪನಿಯ ಚಾಕರಿಗೆ ಬಂದ ಈತ ಕಲ್ಕತ್ತೆಯಲ್ಲಿ ದಿನವೂ ಗಂಗಾಸ್ನಾನ ಮಾಡುತ್ತ, ವಿಗ್ರಹಗಳನ್ನು ಪೂಜಿಸುತ್ತ, ತನ್ನವರಿಂದಲೇ 'ಹಿಂದೂ ಸ್ಟುವರ್ಟ್' ಎಂಬ ಅಡ್ಡಹೆಸರನ್ನು ಪಡೆದು, 1828ರಲ್ಲಿ ತೀರಿಕೊಂಡ ಮೇಲೆ ದೇಗುಲದ ಆಕಾರದ ಗೋರಿಯೊಂದರಲ್ಲಿ ಮಣ್ಣಾದವನು. ಪರದೇಶಕ್ಕೆ ಬಂದವನೊಬ್ಬ ಇಲ್ಲಿಯ ಕಲ್ಲುಗಳಲ್ಲಿ ದೇವರನ್ನು ಕಂಡನು. ಅವನು ಕೂಡಿಸಿದ ದೇವರುಗಳು ಅವನ ದೇಶಕ್ಕೆ ಹೋಗಿ ಮತ್ತೆ ಕಲ್ಲುಗಳಾದುವು. ಇವುಗಳ ನಡುವೆ ಇನ್ನೂರು ವರ್ಷಗಳ ಬಳಿಕ ದಾವಣಗೆರೆಯ ಹುಡುಗಿಯೊಬ್ಬಳು ಪೆನ್ಸಿಲು ಹಿಡಿದು ನಿಂತಳೆಂದರೆ, ಅವಳ ರಾತ್ರಿಯ ಅಳುಕು ಹುಡುಗಾಟಿಕೆಯದೆಂದು ನಾನು ಹೇಳಲಾರೆ.

ಶಾಸ್ತ್ರವನ್ನು ಕೇಳಿದರೆ ಉತ್ತರ ಸುಲಭ. ವಿಗ್ರಹದಲ್ಲಿ ಸಾನ್ನಿಧ್ಯವಿರುವುದು ಪ್ರತಿಷ್ಠೆಯಿಂದ. ಗುಡಿಯ ಜೀರ್ಣೋದ್ಧಾರ ಮಾಡುವಾಗ ಆಗಮಿಕರು ಕಲಾಕರ್ಷಣೆಯೆಂಬ ಕ್ರಿಯೆಯಿಂದ ಆ ಸಾನ್ನಿಧ್ಯವನ್ನು ಕಲಶದ ನೀರಿಗಿಳಿಸಿ, ಅನಂತರವೇ ಕಲ್ಲನ್ನು ಮುಟ್ಟುತ್ತಾರೆ. ಸ್ಥಾನಭ್ರಷ್ಟವಾಗಿ ಪೂಜೆ ನಿಂತ ಮೂರ್ತಿಗೆ ಕೈಮುಗಿಯಬೇಕಾದ ನಿರ್ಬಂಧವಿಲ್ಲ. ಅದರ ಚಿತ್ರ ಬರೆದರೆ ದೋಷವೂ ಇಲ್ಲ. ಇಷ್ಟನ್ನು ಬರೆದು ಕಳುಹಿಸಿ ಸುಮ್ಮನಿರಬಹುದಾಗಿತ್ತು. ಆದರೆ ಅವಳು ಕೇಳಿದ್ದು ಕಲ್ಲಿನಲ್ಲಿ ದೇವರು ಉಳಿದಿರುವನೋ ಎಂದಲ್ಲ. ತನ್ನಲ್ಲಿ ಭಕ್ತಿ ಉಳಿದಿದೆಯೋ ಎಂದು. ದೂರದೇಶದಲ್ಲಿ ಒಬ್ಬಂಟಿಯಾಗಿ ವಿದ್ಯೆ ಕಲಿಯುವವರಿಗೆ ಈ ಶಂಕೆ ಬರುವುದು ಸಹಜ.

ನಮ್ಮ ಹಿರಿಯರಿಗೂ ಈ ಶಂಕೆ ಇತ್ತು. ಬೌಧಾಯನ ಧರ್ಮಸೂತ್ರವು ಮನುಷ್ಯನನ್ನು ಪತಿತನನ್ನಾಗಿ ಮಾಡತಕ್ಕ ಕರ್ಮಗಳನ್ನೆಣಿಸುವಾಗ ಸಮುದ್ರಯಾನವನ್ನೂ ಅವುಗಳಲ್ಲಿ ಸೇರಿಸಿದೆ. ಆ ವಿಚಾರ ಸತ್ತುಹೋಗಿದೆಯೆಂದು ಭಾವಿಸಿದವರಿಗೆ 2008ರ ಉಡುಪಿಯ ಪರ್ಯಾಯವನ್ನು ನೆನಪಿಸಬೇಕು: ವಿದೇಶಸಂಚಾರ ಮಾಡಿಬಂದ ಪುತ್ತಿಗೆ ಮಠದ ಯತಿಗಳು ಶ್ರೀಕೃಷ್ಣನ ಮೂರ್ತಿಯನ್ನು ಮುಟ್ಟಿ ಪೂಜಿಸಬಹುದೇ ಎಂಬ ವಿವಾದ ಆಗ ನಾಡನ್ನೆಲ್ಲ ವ್ಯಾಪಿಸಿತು. ಹಿರಿಯರು ಹೆದರಿದ್ದು ಉಪ್ಪುನೀರಿಗೆಂದು ನನಗೆ ತೋರುವುದಿಲ್ಲ. ನಿತ್ಯದ ಅನುಷ್ಠಾನ, ನೆರೆಯವರ ಕಣ್ಣು, ಹಬ್ಬಹರಿದಿನಗಳ ಒತ್ತಾಸೆ, ಇವೆಲ್ಲ ಕಳಚಿಹೋದಮೇಲೆ ಮನುಷ್ಯನ ಶ್ರದ್ಧೆ ತನ್ನ ಕಾಲಮೇಲೆ ತಾನು ನಿಂತೀತೇ ಎಂಬುದು ಅವರ ಭಯ. ಅವರು ವಿಧಿಸಿದ ಪರಿಹಾರವನ್ನು ನಾನು ಒಪ್ಪುವುದಿಲ್ಲ, ಭಯವನ್ನು ಮಾತ್ರ ಗೌರವಿಸುತ್ತೇನೆ.

ಅದೇ ಉಡುಪಿಯ ಸೀಮೆಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರು 1949ರಲ್ಲಿ ಪ್ಯಾರಿಸ್ಸಿಗೆ ಹೋಗಿ, ಅಕಾಡೆಮಿ ಜೂಲಿಯನ್ನಿನಲ್ಲಿ ವಿದ್ಯಾರ್ಥಿಯಾಗಿ ಕುಳಿತರು. ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತು ಹೆಸರು ಮಾಡಿದ್ದ, ನಾಲ್ವತ್ತರ ಹೊಸ್ತಿಲಿನಲ್ಲಿದ್ದ ಒಬ್ಬ ಕಲಾವಿದ ಮತ್ತೆ ಬೆಂಚಿನಮೇಲೆ ಕುಳಿತನೆಂಬುದನ್ನು ನಾನು ಎಷ್ಟು ಸಲ ನೆನೆದರೂ ನನಗೆ ಅದು ದೊಡ್ಡ ವಿಷಯವಾಗಿಯೇ ಕಾಣುತ್ತದೆ. ಅವರ ಜೀವನದಲ್ಲಿ ಇನ್ನೊಂದು ಸಂಗತಿಯುಂಟು: ರೇಖೆಯೊಳಗಿನ ಲಯವನ್ನು ಅರಿಯುವುದಕ್ಕಾಗಿ ಅವರು ಪಂಡಿತ ಸುಂದರಪ್ರಸಾದರ ಶಿಷ್ಯರಾಗಿ ಕಥಕ್ ನೃತ್ಯವನ್ನೇ ಕಲಿತರು. ವೇದಿಕೆಯ ಮೇಲೆ ಕುಣಿಯುವುದು ಅವರ ಉದ್ದೇಶವಾಗಿರಲಿಲ್ಲ. ಕುಂಚ ಹಿಡಿದ ಕೈಗೆ ಗೆಜ್ಜೆಯ ಕಾಲು ಪಾಠ ಹೇಳಬಲ್ಲುದೆಂಬ ವಿನಯ ಅವರಲ್ಲಿತ್ತು. ಅವರ ಯಕ್ಷಗಾನದ, ಜಾತ್ರೆಯ, ದುಡಿಯುವ ಹೆಣ್ಣುಮಕ್ಕಳ ರೇಖೆಗಳನ್ನು ನೋಡಿದವರಿಗೆ ಆ ವಿನಯದ ಫಲ ಗೊತ್ತು.

ಇದನ್ನು ಹೇಳಲು ಕಾರಣವಿದೆ. ವಿದೇಶದಲ್ಲಿ ಕಲೆಯನ್ನು ಓದುವ ನಮ್ಮ ಮಕ್ಕಳಿಗೆ ಭಕ್ತಿಹಾನಿಗಿಂತ ಹೆಚ್ಚಿನ ಅಪಾಯವೊಂದು ಕಾದಿರುತ್ತದೆ. ಅದು ಪ್ರೀತಿಯ ವೇಷದಲ್ಲಿ ಬರುವುದರಿಂದ ಹೆಚ್ಚು ಕಷ್ಟದ್ದು. ನಿನ್ನ ನಾಡಿನದನ್ನು ಏನಾದರೂ ತಾ, ನಿನ್ನ ಸಂಸ್ಕೃತಿಯನ್ನು ತೋರಿಸು ಎಂದು ಗುರುಗಳೂ ಸಹಪಾಠಿಗಳೂ ಸದ್ಭಾವದಿಂದಲೇ ಕೇಳುತ್ತಾರೆ. ಆಗ ಊರಿನಲ್ಲಿದ್ದಾಗ ದುಗ್ಗಮ್ಮನ ಜಾತ್ರೆಯ ಜನಸಂದಣಿಗೆ ಬೇಸರಪಟ್ಟುಕೊಂಡು ಮನೆಯಲ್ಲೇ ಕುಳಿತಿದ್ದ ಹುಡುಗ ದುಗ್ಗಮ್ಮನ ಕಣ್ಣುಗಳನ್ನು ಬಟ್ಟೆಯ ಮೇಲೆ ಅಚ್ಚುಹಾಕುತ್ತಾನೆ. ಅಂಗಳಕ್ಕೆ ರಂಗೋಲಿಯಿಕ್ಕದ ಹುಡುಗಿ ರಂಗೋಲಿಯ ಮೇಲೆ ಪ್ರಬಂಧ ಬರೆಯುತ್ತಾಳೆ. ಬರೆಯಬಾರದೆಂದಲ್ಲ. ಆದರೆ ದೇವತೆ ಅಲ್ಲಿ ತಾನಾಗಿ ಉಳಿಯದೆ, ಬರೆದವನ ಊರುಕೇರಿಯನ್ನು ಸಾರುವ ಬಿಲ್ಲೆಯಾಗುತ್ತಾಳೆ. ಮ್ಯೂಸಿಯಮಿನ ಹರಿಹರನ ಚಿತ್ರವನ್ನು ಬರೆದುದಕ್ಕಾಗಿ ನನ್ನ ಸೊಸೆಯನ್ನು ನಾನು ಎಳ್ಳಷ್ಟೂ ಆಕ್ಷೇಪಿಸುವುದಿಲ್ಲ. ಆ ಚಿತ್ರವನ್ನು ತನ್ನ ಮೇಲ್ವಿಳಾಸವನ್ನಾಗಿ ಬಳಸಿದ್ದರೆ ಆಕ್ಷೇಪಿಸುತ್ತಿದ್ದೆ. ಅವಳು ಹಾಗೆ ಮಾಡಲಿಲ್ಲ. ಚಿತ್ರದ ಛಾಯಾಪ್ರತಿಯನ್ನು ನನಗೆ ಕಳುಹಿಸಿದ್ದಾಳೆ. ಬಲಗಡೆಯ ಜಟೆ, ಎಡಗಡೆಯ ಕಿರೀಟ, ಇವೆರಡೂ ಕೂಡುವ ಹಣೆಯ ನಡುವಿನ ಎಡೆಯಲ್ಲಿ ಗೆರೆಯನ್ನು ಐದಾರು ಸಾರಿ ಅಳಿಸಿ ತಿದ್ದಿದ ಗುರುತು ಕಾಗದವನ್ನು ತೆಳುವಾಗಿಸಿದೆ.

ಆ ಗುರುತನ್ನು ನೋಡಿದಾಗ ನನ್ನ ಮನಸ್ಸಿಗೆ ಬಂದುದು ನಮ್ಮವ್ವನ ಲಿಂಗಪೂಜೆ. ಮಿಂದು, ವಿಭೂತಿ ಧರಿಸಿ, ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು ಎಡಗೈಯಲ್ಲಿಟ್ಟುಕೊಂಡು, ಎವೆಯಿಕ್ಕದೆ ಅದನ್ನು ನೋಡುತ್ತ ಕೂಡುವಳು. ನೋಡಲು ಅಲ್ಲಿ ಏನಿದೆ? ಕಣ್ಣಿಲ್ಲ, ಮೂಗಿಲ್ಲ, ಕೈಕಾಲುಗಳಿಲ್ಲ. ಕರಿಯ ಕಂಥೆಯ ನುಣುಪಿನ ಮೇಲೆ ದೀಪದ ಒಂದು ಚುಕ್ಕೆ ಬೆಳಕು ಮಾತ್ರ. ಸ್ಥಾವರವನ್ನು ಬಿಟ್ಟು, ಗುಡಿಯ ಹಂಗಿಲ್ಲದೆ, ಹೋದೆಡೆಗೆಲ್ಲ ದೇವರನ್ನು ಎದೆಯ ಮೇಲೆ ಹೊತ್ತು ಹೋಗಬಹುದೆಂದು ಹನ್ನೆರಡನೆಯ ಶತಮಾನದ ಶರಣರು ತೋರಿಸಿದ ಮಾರ್ಗ ಪರದೇಶವಾಸಿಗೆ ಇಷ್ಟು ಒಪ್ಪುತ್ತದೆಂದು ನಾನು ಮೊದಲು ಯೋಚಿಸಿರಲಿಲ್ಲ. ಅದಕ್ಕಿಂತ ಹೆಚ್ಚಿನ ಮಾತೆಂದರೆ, ಆ ಪೂಜೆಯ ತಿರುಳು ನೋಟ. ಬೇಡಿಕೆಯಿಲ್ಲದೆ, ಅವಸರವಿಲ್ಲದೆ, ಎದುರಿಗಿರುವುದನ್ನು ಅದಿರುವಂತೆ ನೋಡುತ್ತ ನೋಡುವವನ ಹೆಮ್ಮೆ ಕರಗುವವರೆಗೂ ನೋಡುವುದು. ಕಲಾಶಾಲೆ ರೇಖಾಭ್ಯಾಸವೆಂದು ಕಲಿಸುವುದೂ ಅದರ ಮೊದಲ ಮೆಟ್ಟಿಲೇ ಆಗಿದೆ. ತನಗೆ ತಿಳಿದಿದೆಯೆಂದು ಗೆರೆಯೆಳೆದವನ ಗೆರೆ ಸುಳ್ಳಾಗುತ್ತದೆ. ತಿದ್ದಿ ತಿದ್ದಿ ಕಾಗದ ತೆಳುವಾದಾಗ ಸ್ವಲ್ಪ ನಿಜ ಬರುತ್ತದೆ. ಅಜ್ಜಿಯ ಅಂಗೈಯಲ್ಲಿ ನಡೆದುದೂ ಮೊಮ್ಮಗಳ ಹಲಗೆಯ ಮೇಲೆ ನಡೆದುದೂ ಒಂದೇ ಎಂದು ನಾನು ಹೇಳುವುದಿಲ್ಲ, ಏಕೆಂದರೆ ಅಜ್ಜಿ ತನ್ನನ್ನು ಒಪ್ಪಿಸಿಕೊಳ್ಳುತ್ತಾಳೆ, ಮೊಮ್ಮಗಳು ಇನ್ನೂ ಒಪ್ಪಿಸಿಕೊಂಡಿಲ್ಲ. ಆದರೆ ಒಂದರಿಂದ ಇನ್ನೊಂದಕ್ಕೆ ದಾರಿಯುಂಟು. ಚಿತ್ರ ಬರೆದುದರಿಂದ ಅವಳು ದೇವರಿಂದ ದೂರವಾಗಲಿಲ್ಲವೆಂದು ನಾನು ಬರೆದುದು ಸಮಾಧಾನಕ್ಕಾಗಿ ಆಡಿದ ಮಾತಲ್ಲ, ನನ್ನ ನಂಬಿಕೆ.

ಇದಕ್ಕೆ ಅವಳು ಬರೆದ ಮಾರುತ್ತರ ಇನ್ನೂ ತೀಕ್ಷ್ಣವಾಗಿತ್ತು. ದಾವಣಗೆರೆಯಿಂದ ಹರಿಹರಕ್ಕೆ ಹದಿನಾಲ್ಕು ಕಿಲೋಮೀಟರು. ಹುಟ್ಟಿದಂದಿನಿಂದ ಹೋಗಿಬಂದ ಊರು. ಹೊಯ್ಸಳ ವೀರನರಸಿಂಹನ ದಂಡನಾಥ ಪೊಲಾಳ್ವನು 1224ರ ವೇಳೆಗೆ ತುಂಗಭದ್ರೆಯ ದಡದಲ್ಲಿ ಕಟ್ಟಿಸಿದ ಆ ಗುಡಿಯಲ್ಲಿ ಹರಿಹರನನ್ನು ತಾನು ನಿಜವಾಗಿ ನೋಡಿಯೇ ಇರಲಿಲ್ಲವೆಂದು ಅವಳ ದೂರು. ವಸ್ತ್ರ, ಹೂವು, ಬೆಳ್ಳಿಯ ಕವಚ, ಇವುಗಳ ಹಿಂದೆ ಶಿಲ್ಪಿಯ ಕೆಲಸವೆಲ್ಲ ಮುಚ್ಚಿಹೋಗಿತ್ತು. ರೂಪ ಕಂಡದ್ದು ಪೂಜೆಯಿಲ್ಲದ ಲಂಡನ್ನಿನಲ್ಲಿ. ಹಾಗಾದರೆ ಪೂಜೆಯೇ ರೂಪಕ್ಕೆ ಅಡ್ಡಬರುವುದಲ್ಲವೇ ಎಂದು ಕೇಳಿದ್ದಾಳೆ.

ಇದು ಕಲೆಯನ್ನು ಕಲಿತವರೇ ಕೇಳಬಲ್ಲ ಪ್ರಶ್ನೆ, ಅವರೇ ಉತ್ತರಿಸಬಲ್ಲುದೂ ಹೌದು. ಹರಿಹರದ ಶಿಲ್ಪಿಯ ಮುಂದಿದ್ದ ಸಮಸ್ಯೆಯನ್ನು ಅವಳು ಬಲ್ಲಳು. ಶಿವನಿಂದಲೂ ವಿಷ್ಣುವಿನಿಂದಲೂ ಸಾವಿಲ್ಲವೆಂಬ ವರ ಪಡೆದ ಗುಹಾಸುರನನ್ನು ಕೊಲ್ಲಲು ಇಬ್ಬರೂ ಒಂದಾದರೆಂಬ ಸ್ಥಳಪುರಾಣವನ್ನು ಹೇಳುವುದು ಸುಲಭ, ಕಡೆಯುವುದು ಕಷ್ಟ. ಬಾದಾಮಿಯ ಗುಹೆಗಳಲ್ಲಿ ಆರನೆಯ ಶತಮಾನಕ್ಕೇ ಕನ್ನಡನಾಡಿನ ಉಳಿ ಇದನ್ನು ಪರಿಹರಿಸಿತ್ತು: ಆಯುಧಗಳು ಬೇರೆ, ಆಭರಣಗಳು ಬೇರೆ, ನಿಲುವು ಒಂದು, ಮುಖ ಒಂದು. ಇಬ್ಬರನ್ನೂ ಕಲಸಿ ಮೂರನೆಯವನನ್ನು ಮಾಡಲಿಲ್ಲ. ಒಬ್ಬನನ್ನು ಇನ್ನೊಬ್ಬನಲ್ಲಿ ಅಡಗಿಸಲೂ ಇಲ್ಲ. ಶೈವವೈಷ್ಣವರ ಕಲಹಕ್ಕೆ ವಾದಗ್ರಂಥಗಳು ಹೇಳಿದ ಸಮಾಧಾನಗಳಲ್ಲಿ ಇಷ್ಟು ಗಟ್ಟಿಯಾದುದನ್ನು ನಾನು ಓದಿಲ್ಲ.

ಆದರೆ ಶಿಲ್ಪಿ ತನ್ನ ಕೆಲಸವನ್ನು ಮುಗಿಸಿ ಹೋದನು. ಅರ್ಚಕನ ಕೆಲಸ ಮುಗಿಯುವುದಿಲ್ಲ. ಬಿಲ್ವವೂ ತುಳಸಿಯೂ ಸಲ್ಲತಕ್ಕ ಒಂದು ಮೈಗೆ ಯಾವ ಬಣ್ಣದ ವಸ್ತ್ರ, ಎಲ್ಲಿಗೆ ಗಂಧ, ಎಷ್ಟು ಇಳಿಬಿಟ್ಟ ಮಾಲೆ ಎಂಬುದನ್ನು ಅವನು ಬೆಳಗ್ಗೆ ನಿಶ್ಚಯಿಸಿ, ಕೈಯಾರೆ ಮಾಡಿ, ಮರುದಿನ ನಿರ್ಮಾಲ್ಯವೆಂದು ತೆಗೆದುಹಾಕಿ ಮತ್ತೆ ಮೊದಲಿನಿಂದ ಮಾಡುತ್ತಾನೆ. ಕೆತ್ತಿದ ರೂಪ ಒಮ್ಮೆ ಆದದ್ದು. ಅಲಂಕಾರ ದಿನವೂ ಆಗತಕ್ಕದ್ದು, ಮತ್ತು ಅದನ್ನು ಮಾಡಲು ಒಬ್ಬ ಮನುಷ್ಯ ಆ ದೇವರ ಹತ್ತಿರ ಇರಲೇಬೇಕು. ಮ್ಯೂಸಿಯಮಿನಲ್ಲಿ ಎಲ್ಲವೂ ಕಾಣುವುದು ನಿಜ. ಅಲ್ಲಿ ಯಾರೂ ಆ ಮೈಗೆ ಏನನ್ನೂ ಮಾಡುವಂತಿಲ್ಲವಾದ್ದರಿಂದ ಕಾಣುತ್ತದೆ. ಅವಳು ಓದುತ್ತಿರುವ ವಿದ್ಯೆ ವಿನ್ಯಾಸ. ಶಾಶ್ವತವಾಗಿ ಉಳಿಯದ, ಬಳಕೆಯಲ್ಲಿ ಸವೆಯುವ, ಇನ್ನೊಬ್ಬರ ಮೈಗೂ ಮನೆಗೂ ಒಗ್ಗಬೇಕಾದ ವಸ್ತುಗಳನ್ನು ಯೋಚಿಸುವ ವಿದ್ಯೆ ಅದು. ಬೇಸಗೆಯ ರಜೆಗೆ ಬಂದಾಗ ಬೆಳಗಿನ ಅಭಿಷೇಕದ ಹೊತ್ತಿಗೆ ಹರಿಹರಕ್ಕೆ ಹೋಗಿ, ಕವಚವಿಲ್ಲದ ಮೂರ್ತಿಯನ್ನೂ, ಆಮೇಲೆ ಅರ್ಚಕರು ಒಂದೊಂದಾಗಿ ಏರಿಸುವ ಅಲಂಕಾರವನ್ನೂ ಪೂರ್ತಿಯಾಗಿ ನೋಡಬೇಕೆಂದು ಅವಳಿಗೆ ಬರೆದಿದ್ದೇನೆ. ಗರ್ಭಗುಡಿಯೆದುರು ಹಲಗೆ ಬಿಚ್ಚುವುದು ಬೇಡ; ಮಂಟಪದಲ್ಲಿ ತಿರುಗಣೆಯಲ್ಲಿ ಕಡೆದ ಕಂಬಗಳಿವೆ, ಪೂಜೆ ಮುಗಿದಮೇಲೆ ಅವುಗಳ ನೆರಳಿನಲ್ಲಿ ಕುಳಿತು ನೆನಪಿನಿಂದ ಬರೆಯಲಿ.