ಗರಬೊ ಮತ್ತು ಕುಂಬಾರನ ಕಾಯಕ

ನವರಾತ್ರಿ ಬಂದಿತೆಂದರೆ ಸೂರತ್ತಿನ ಕತಾರ್‌ಗಾಮಿನ ಮನೆಗಳಲ್ಲಿ ದೇವಿಯ ಮುಂದೆ ರಂಧ್ರಗಳುಳ್ಳ ಮಣ್ಣಿನ ಗಡಿಗೆಯೊಳಗೆ ದೀಪವು ಬೆಳಗುತ್ತದೆ, ಅದೇ ‘ಗರಬೊ’. ಒಂಬತ್ತು ರಾತ್ರಿ ಪೂಜ್ಯವಾದ ಮಣ್ಣು ಹತ್ತನೆಯ ದಿನ ಅಡಿಗೆಮನೆಗೆ ಬೇಡವಾಗುವುದೇಕೆ? ಉಕ್ಕಿನ ಪಾತ್ರೆ ಒಡೆಯದು, ನಿಜ, ಮಿತವ್ಯಯವೂ ಗೃಹಸ್ಥಧರ್ಮವೇ. ಆದರೆ ಮಡಕೆ ಒಡೆಯುವುದರಿಂದಲೇ ಕುಂಬಾರನ ತಿಗರಿ ತಿರುಗುತ್ತದೆ!

ಹಾಗೆಂದು ಕನಿಕರದಿಂದ ಬಟ್ಟಲೊಂದನ್ನು ಕೊಂಡು ಗಾಜಿನ ಕಪಾಟಿನಲ್ಲಿಟ್ಟರೆ ಅದು ಭಿಕ್ಷೆಯೇ ಹೊರತು ಬೆಂಬಲವಲ್ಲ. ಹರಿಹರನ ರಗಳೆಯ ಕುಂಬಾರ ಗುಂಡಯ್ಯನು ಗಡಿಗೆಯನ್ನೇ ಬಾರಿಸಿ ಶಿವನನ್ನು ಕುಣಿಸಿದನು. ಅವನದು ಕಾಯಕ, ಯಾಚನೆಯಲ್ಲ. ಮೊಸರಿನ ನೀರನ್ನು ಹೀರಿ ಗಟ್ಟಿಗೊಳಿಸುವ ಕುಡಿಕೆಯೂ ಬೇಸಗೆಯಲ್ಲಿ ನೀರನ್ನು ತಂಪಾಗಿಡುವ ‘ಮಾಟಲು’ ಕೂಡ ನಿತ್ಯ ಬಳಕೆಗೆ ಯೋಗ್ಯವಾದವು. ಬೇಕೆಂದು ಕೊಂಡು, ಹೇಳಿದ ಬೆಲೆಯನ್ನು ಚೌಕಾಸಿಯಿಲ್ಲದೆ ಕೊಡುವುದೇ ಕಾಯಕಕ್ಕೆ ಸಲ್ಲುವ ಗೌರವ. ಬಳಸುವ ಮುನ್ನ ಹೊಸ ಕುಡಿಕೆಯನ್ನು ಒಂದು ದಿನ ನೀರಿನಲ್ಲಿ ನೆನೆಯಿಡಬೇಕು, ಅಷ್ಟೆ.