ಮೇವು ಹಾಕುವವಳ ಲೆಕ್ಕ

ಪುಣೆಯ ವಾಕಡದಲ್ಲಿ, ಕಟ್ಟಡ ಕೆಲಸದ ಜಾಗವೊಂದರಲ್ಲಿ, ಕಳೆದ ಜೂನ್‌ನಲ್ಲಿ ಕಂಪನಿಯೊಂದರವರು ಕೂಲಿಯವರ ಮಕ್ಕಳಿಗೆ ಶಾಲೆಯ ಚೀಲ ಹಂಚಿದರು. ಅರ್ಧಕ್ಕರ್ಧ ಜನ ಕಲಬುರಗಿ, ಯಾದಗಿರಿ ಕಡೆಯವರಾದ್ದರಿಂದ ನಾನು ದುಭಾಷಿ. ಅಫಜಲಪುರದ ಹೆಣ್ಣುಮಗಳೊಬ್ಬಳು ಫೋಟೊದವನನ್ನು ಕಾಯಿಸಿ, ಮಗನ ಚೀಲದ ಜಿಪ್ಪನ್ನು ಎಳೆದೆಳೆದು ನೋಡಿದಳು. ಮೂರನೆಯ ಸಲಕ್ಕೆ ಜಿಪ್ಪಿನ ಹಲ್ಲು ಬಾಯಿ ಬಿಟ್ಟಿತು. ನಾನು ರೂಢಿಯಂತೆ, "ದಾನದ ಆಕಳ ಹಲ್ಲು ಎಣಿಸಬಾರದವ್ವಾ" ಅಂದೆ. ಅವಳು ತಲೆ ಎತ್ತಲಿಲ್ಲ. "ಎಣಸದಿದ್ರ ಹೆಂಗ್ರಿ? ಮೇವ ಹಾಕಾಕಿ ನಾ ಅಲ್ಲೇನ್ರಿ?"

ಅಂದಿನಿಂದ ಆ ಗಾದೆ ನನ್ನನ್ನು ಬಿಟ್ಟಿಲ್ಲ.

ಇದು ಕೃತಜ್ಞತೆಯ ಪಾಠ ಎನ್ನುವ ಮೇಷ್ಟರುಗಳಿದ್ದಾರೆ. ಅವರು ಆಕಳು ಕಟ್ಟಿದವರಲ್ಲ. ಇಂಗ್ಲಿಷಿನವರ ಗಾದೆಯ ಕುದುರೆಯೇ ನಮ್ಮಲ್ಲಿ ಆಕಳಾಯಿತು ಎನ್ನುವವರೂ ಉಂಟು. ಇರಲಿ, ಕುದುರೆಯನ್ನು ಇಲ್ಲಿ ಯಾರೂ ಹಾಲಿಗೆ ಕಟ್ಟುವುದಿಲ್ಲ. ಜಾತ್ರೆಯಲ್ಲಿ ರೈತ ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದೆಯೋ ಎಂದು ನೋಡುವುದು ಎಷ್ಟು ವರ್ಷ ಕರೆದೀತು, ಎಷ್ಟು ವರ್ಷ ತಿಂದೀತು ಎಂದು ತಿಳಿಯಲು. ಆಕಳು ಪುಕ್ಕಟೆ ಬರಬಹುದು, ಮೇವು ಬರುವುದಿಲ್ಲ. ಎಣಿಸಬೇಡ ಎಂಬುದು ಕೊಟ್ಟವನ ಮನೆಯಲ್ಲಿ ಹುಟ್ಟಿದ ಮಾತು. ಕಠೋಪನಿಷತ್ತಿನ ನಚಿಕೇತ ಅಪ್ಪ ದಾನಕ್ಕೆ ತಂದ ಬತ್ತಿದ ಮುದಿ ಗೋವುಗಳನ್ನು ಕಂಡು ತಳಮಳಿಸಿದ. ಯಮನ ಮನೆಗೆ ಹೋಗಬೇಕಾಗಿ ಬಂತು. ಹಲ್ಲು ಎಣಿಸಿದವನಿಗೆ ಸಿಗುವ ಬಹುಮಾನ ಅಂದೂ ಅದೇ.

ಪುಣೆ ಈ ಲೆಕ್ಕವನ್ನು ಹಿಂದೊಮ್ಮೆ ದೊಡ್ಡದಾಗಿಯೇ ಹಾಕಿದೆ. ಪಂಡಿತಾ ರಮಾಬಾಯಿ ನಮ್ಮ ಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದವರು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಮಾಳದವರು. ಬರಗಾಲದ ಅಲೆದಾಟದಲ್ಲಿ ಅಪ್ಪ, ಅಮ್ಮ, ಅಕ್ಕ ಮೂವರನ್ನೂ ಕಳೆದುಕೊಂಡ ಈ ಹೆಂಗಸು 1889ರಲ್ಲಿ ಮುಂಬೈಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದು, ಮರುವರ್ಷ ಪುಣೆಗೆ ತಂದರು. ದುಡ್ಡು ಅಮೆರಿಕದ ಕ್ರೈಸ್ತ ದಾನಿಗಳದು. ಹುಡುಗಿಯರು ರಮಾಬಾಯಿಯ ಕ್ರೈಸ್ತ ಪ್ರಾರ್ಥನೆಯಲ್ಲಿ ಕೂಡುತ್ತಾರೆಂದು 1893ರಲ್ಲಿ ಗದ್ದಲವೆದ್ದಿತು. ಸುಧಾರಕರಾದ ರಾನಡೆ, ಭಂಡಾರ್ಕರ್ ಸದನದ ಸಲಹಾ ಮಂಡಳಿ ಬಿಟ್ಟರು, ತಿಲಕರ 'ಕೇಸರಿ' ಪತ್ರಿಕೆ ಹರಿಹಾಯ್ದಿತು, ಪಾಲಕರು ಹುಡುಗಿಯರನ್ನು ಕರೆದೊಯ್ದರು. ಊರೆಲ್ಲ ಹಲ್ಲು ಎಣಿಸಿತು, ಸರಿ. ಆದರೆ ಆಕಳು ಊರಿಗೆ ಬಂದದ್ದಲ್ಲವಲ್ಲ! ತಲೆ ಬೋಳಿಸಿಕೊಂಡು ಮೂಲೆ ಸೇರಿದ್ದ ಆ ಹುಡುಗಿಯರನ್ನು ಯಾರೂ ಕೇಳಲಿಲ್ಲ.

ಹಾಗೆಂದು ಊರಿನ ಎಣಿಕೆ ಪೂರ್ತಿ ತಪ್ಪೆಂದು ಹೇಳಲಾರೆ. 1896-97ರ ಬರದಲ್ಲಿ ರಮಾಬಾಯಿ ಮಧ್ಯಪ್ರಾಂತ್ಯದಿಂದ ನೂರಾರು ಹುಡುಗಿಯರನ್ನು ಬದುಕಿಸಿ ತಂದರು. ಪುಣೆಯ ಹತ್ತಿರದ ಕೇಡಗಾಂವದ ಮುಕ್ತಿ ಮಿಷನ್‌ನಲ್ಲಿ ಅವರಿಗೆ ಅನ್ನ, ಅಕ್ಷರ, ನೇಯ್ಗೆ, ಅಚ್ಚುಕೂಟದ ಕೆಲಸ ಎಲ್ಲವೂ ಸಿಕ್ಕವು. ಜೊತೆಗೆ ಯೇಸುವೂ. ಹಸಿದ ಹತ್ತು ವರ್ಷದ ಹುಡುಗಿ ಯಾವ ಆಕಳ ಬಾಯಿ ತೆರೆದು ನೋಡಿಯಾಳು? ಅವಳು ಹಾಕಿದ ಮೇವು ಅವಳ ದೇವರು.

ರಮಾಬಾಯಿಯ ಸದನಕ್ಕೆ ಪರ್ಯಾಯ ಕಟ್ಟಿದ ಸುಧಾರಕ ಕರ್ವೆಯವರ ಕೊಟ್ಟಿಗೆಯಲ್ಲೂ ಮೇವಿನ ಮಾತಿತ್ತು. ಶಾರದಾ ಸದನದ ಮೊದಲ ವಿಧವೆ ವಿದ್ಯಾರ್ಥಿನಿ ಗೋದೂಬಾಯಿಯನ್ನು 1893ರಲ್ಲಿ ಮದುವೆಯಾದವರು ಅವರು. ಆದರೆ 1896ರಲ್ಲಿ ವಿಧವೆಯರ ಆಶ್ರಮ ತೆರೆದಾಗ, ಊರಿನ ದಾನಿಗಳು ಬೆದರದಿರಲೆಂದು ಮರುಮದುವೆಯ ಮಾತನ್ನು ಆಶ್ರಮದಿಂದ ದೂರವಿಟ್ಟರು. ಓದಬಹುದು, ಮದುವೆಯ ವಿಷಯ ಎತ್ತಬಾರದು. ತಮ್ಮ ಮನೆಯಲ್ಲಿ ಆದದ್ದನ್ನು ಆಶ್ರಮದಲ್ಲಿ ಹೇಳಲಾಗದ ಆ ಸಂಕಟ ನನಗೆ ಅರ್ಥವಾಗುತ್ತದೆ. ಹೊಗಳುವುದು ಮಾತ್ರ ಆಗುವುದಿಲ್ಲ.

ಈಗ ದೊಡ್ಡ ಕಂಪನಿಗಳ ಲಾಭದಲ್ಲಿ ನೂರಕ್ಕೆ ಎರಡರಷ್ಟು ಸಮಾಜಕ್ಕೆ ಹೋಗಬೇಕೆಂದು 2013ರ ಕಾನೂನು ಇದೆ. ಲೆಕ್ಕಪತ್ರ, ಫೋಟೊ, ವರದಿ ಎಲ್ಲ ಉಂಟು. ಎಣಿಸುವವರಿಗೆ ಕೊರತೆಯಿಲ್ಲ, ಎಲ್ಲರೂ ಕೊಟ್ಟ ಚೀಲಗಳನ್ನೇ ಎಣಿಸುತ್ತಾರೆ.

ಮಳೆ ಹಿಡಿದ ಮೇಲೆ ಅದೇ ಹೆಣ್ಣುಮಗಳು ನಾಕೆಯಲ್ಲಿ ಚಪ್ಪಲಿ ಹೊಲಿಯುವವನ ಮುಂದೆ ಕೂತಿದ್ದಳು. ಹೊಸ ಜಿಪ್ಪಿಗೆ ಅವನು ಐವತ್ತು ಕೇಳಿದ್ದ, ಅವಳು ಮೂವತ್ತಕ್ಕೆ ಜಗ್ಗುತ್ತಿದ್ದಳು. ಚೀಲದ ಮೇಲಿನ ಕಂಪನಿಯ ಹೆಸರು ಒಂದು ಅಕ್ಷರವೂ ಅಳಿಸಿರಲಿಲ್ಲ.