ಅಳಿಸಿಹೋದುದರ ಸಾಕ್ಷಿ

ಹಿಮಯುಗದ ಪಾಠವನ್ನು ಹೇಳುತ್ತಿರುವಾಗ ಹಿಂದಿನ ಸಾಲಿನಿಂದ ಹುಡುಗನೊಬ್ಬನು ಎದ್ದು ನಿಂತು, "ಮಾಷ್ಟ್ರೇ, ಅದನ್ನು ಯಾರಾದರೂ ಕಂಡಿದ್ದಾರೆಯೇ?" ಎಂದು ಕೇಳುತ್ತಾನೆ. ಸುಮಾರು 20,000 ವರ್ಷಗಳ ಹಿಂದೆ ಉತ್ತರ ಯುರೋಪು ಮತ್ತು ಉತ್ತರ ಅಮೆರಿಕಗಳ ಮೇಲೆ ದಪ್ಪನಾದ ಹಿಮರಾಶಿಯು ಹರಡಿತ್ತೆಂದೂ, ಅಷ್ಟು ನೀರು ಹಿಮವಾಗಿ ನೆಲದ ಮೇಲೆಯೇ ನಿಂತುದರಿಂದ ಸಮುದ್ರದ ಮಟ್ಟವು ಇಂದಿಗಿಂತ ಸುಮಾರು 120 ಮೀಟರು ಕೆಳಗಿತ್ತೆಂದೂ ನಾವು ಆಗತಾನೆ ಹೇಳಿರುತ್ತೇವೆ. ಹುಡುಗನ ಪ್ರಶ್ನೆಯಲ್ಲಿ ಉದ್ಧಟತನವೇನೂ ಇಲ್ಲ. ಆದರೂ ಪಾಠವನ್ನು ಮುಗಿಸುವ ಅವಸರದಲ್ಲಿ "ಪುಸ್ತಕದಲ್ಲಿದೆ, ಕುಳಿತುಕೋ" ಎಂದುಬಿಡುತ್ತೇವೆ. ಹುಡುಗನು ಕುಳಿತುಕೊಳ್ಳುತ್ತಾನೆ, ಆದರೆ ಅವನ ಪ್ರಶ್ನೆಗೆ ಉತ್ತರ ಸಿಕ್ಕಿರುವುದಿಲ್ಲ.

ನಾವು ಕಾಣದುದನ್ನು, ಯಾವ ಮನುಷ್ಯನೂ ಕಂಡು ಬರೆದಿಡದುದನ್ನು, "ನಿಜ" ಎಂದು ಹೇಳುವ ಅಧಿಕಾರವು ನಮಗೆ ಎಲ್ಲಿಂದ ಬಂತು? ಇದು ತರ್ಕದ ಪ್ರಶ್ನೆಯಾಗಿರುವಂತೆಯೇ ನೀತಿಯ ಪ್ರಶ್ನೆಯೂ ಹೌದು. ಅಧ್ಯಾಪಕನ ಮಾತನ್ನು ಮಕ್ಕಳು ನಂಬುತ್ತಾರೆ. ಆ ನಂಬಿಕೆಯನ್ನು ಹೇಗೆ ಬಳಸಿಕೊಳ್ಳುತ್ತೇವೆಂಬುದಕ್ಕೆ ನಾವು ಹೊಣೆಗಾರರು. ಈ ವಿಷಯವನ್ನು ಬರಿಯ ಮಾತಿನಲ್ಲಿ ವಿಚಾರ ಮಾಡುವುದಕ್ಕಿಂತ ಒಂದು ನಿದರ್ಶನವನ್ನು ಹಿಡಿದು ನೋಡುವುದು ಲೇಸು. ದಕ್ಷಿಣ ಧ್ರುವ ಖಂಡವಾದ ಅಂಟಾರ್ಕ್ಟಿಕಾದ ರಾಸ್ ಸಮುದ್ರದ ತಳವು ಅಂತಹ ಒಂದು ನಿದರ್ಶನವಾಗಿದೆ.

ಅಂಟಾರ್ಕ್ಟಿಕಾದ ಹಿಮವು ಒಂದೇ ಕಡೆ ನಿಂತಿರುವ ವಸ್ತುವಲ್ಲ. ತನ್ನ ಭಾರದಿಂದಲೇ ಅದು ಸಮುದ್ರದತ್ತ ಮೆಲ್ಲಗೆ ಜಾರುತ್ತದೆ. ಶೀತ ಹೆಚ್ಚಿದ ಯುಗಗಳಲ್ಲಿ ಅದು, ನಮ್ಮ ಭೂಗೋಳ ಪುಸ್ತಕಗಳು ಖಂಡಾವರಣವೆಂದು ಕರೆಯುವ ಕಡಲಂಚಿನ ತಳದ ಮೇಲೆ, ನೆಲವನ್ನು ಉಜ್ಜುತ್ತ ಮುಂದಕ್ಕೆ ಬಂದಿತು. ಬೆಚ್ಚಗಿನ ಯುಗಗಳಲ್ಲಿ ಹಿಂದಕ್ಕೆ ಸರಿಯಿತು. ಈಗ ಅಲ್ಲಿ ನೂರಾರು ಮೀಟರು ಆಳದ ತಣ್ಣೀರು ನಿಂತಿದೆ. ಆ ತಳದ ಕೆಳಗಿನ ಪದರಗಳನ್ನು ಕಣ್ಣಿನಿಂದ ನೋಡುವುದು ಅಸಾಧ್ಯ. ಆದುದರಿಂದ ವಿಜ್ಞಾನಿಗಳು ಕಿವಿಯನ್ನು ಆಶ್ರಯಿಸಿದರು.

ಹಡಗಿನ ಹಿಂದೆ ನೀರಿನಲ್ಲಿ ಒಂದು ಯಂತ್ರವನ್ನು ಎಳೆದೊಯ್ಯುತ್ತಾರೆ. ಅದು ಕೆಲವು ಸೆಕೆಂಡುಗಳಿಗೊಮ್ಮೆ ಒತ್ತಿಟ್ಟ ಗಾಳಿಯನ್ನು ಥಟ್ಟನೆ ಬಿಡುಗಡೆ ಮಾಡಿ ದೊಡ್ಡ ಸದ್ದನ್ನುಂಟುಮಾಡುತ್ತದೆ. ಆ ಸದ್ದಿನ ಒಂದು ಅಂಶವು ಕಡಲ ತಳಕ್ಕೆ ಬಡಿದು ಹಿಂದಿರುಗುತ್ತದೆ. ಉಳಿದುದು ತಳವನ್ನು ಹೊಕ್ಕು, ಒಂದು ಪದರ ಮುಗಿದು ಬೇರೆ ಗುಣದ ಇನ್ನೊಂದು ಪದರ ಆರಂಭವಾಗುವಲ್ಲೆಲ್ಲ ಸ್ವಲ್ಪ ಸ್ವಲ್ಪವಾಗಿ ಮಾರ್ದನಿಗೊಳ್ಳುತ್ತದೆ. ಹಡಗಿನ ಹಿಂದೆ ಉದ್ದಕ್ಕೆ ತೇಲುವ ಕೇಬಲಿನಲ್ಲಿ ಸಾಲಾಗಿ ಪೋಣಿಸಿದ ಹೈಡ್ರೋಫೋನುಗಳು ಈ ಮಾರ್ದನಿಗಳನ್ನು ಕೇಳಿಸಿಕೊಳ್ಳುತ್ತವೆ. ನೀರಿನಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 1,500 ಮೀಟರು. ತಳದಿಂದ ಮಾರ್ದನಿ ಬರಲು 0.8 ಸೆಕೆಂಡು ಹಿಡಿಯಿತೆನ್ನೋಣ. ಹೋಗಿ ಬರುವ ದಾರಿ 1,200 ಮೀಟರು. ಆಳ ಅದರ ಅರ್ಧ, ಎಂದರೆ 600 ಮೀಟರು. ಇದು ನಮ್ಮ ಐದನೆಯ ತರಗತಿಯ ಮಕ್ಕಳೂ ಮಾಡಬಲ್ಲ ಲೆಕ್ಕ. ಇಂತಹ ಸಾವಿರಾರು ಮಾರ್ದನಿಗಳನ್ನು ಪಕ್ಕಪಕ್ಕದಲ್ಲಿ ಜೋಡಿಸಿದರೆ, ನೆಲವನ್ನು ಕತ್ತಿಯಿಂದ ಸೀಳಿ ನೋಡಿದಂತೆ ಪದರಗಳ ಚಿತ್ರವೊಂದು ಮೂಡುತ್ತದೆ.

ಆ ಚಿತ್ರದಲ್ಲಿ ಕಾಣುವುದೇನು? ಒಂದರ ಮೇಲೊಂದಾಗಿ ಕುಳಿತ ಕೆಸರಿನ ಪದರಗಳು ಒಂದು ಗೆರೆಯ ಬಳಿ ಹಠಾತ್ತಾಗಿ ಕತ್ತರಿಸಿಹೋಗಿರುತ್ತವೆ. ಆ ಗೆರೆಯ ಮೇಲೆ ಬೇರೆಯೇ ಬಗೆಯ ರಾಶಿಯು ಬಿದ್ದಿರುತ್ತದೆ. ಹಿಮವು ನೆಲವನ್ನು ಕೆರೆದು ಮುಂದುವರಿದ ಹಾದಿಯೇ ಆ ಗೆರೆ. ಹಿಮವು ನೆಲವನ್ನು ಬಿಟ್ಟು ತೇಲತೊಡಗುವ ಎಡೆಯಲ್ಲಿ, ತಾನು ಹೊತ್ತು ತಂದ ಮಣ್ಣುಕಲ್ಲುಗಳನ್ನು ಬೆಣೆಯ ಆಕಾರದ ದಿಬ್ಬವಾಗಿ ಸುರಿಯುತ್ತದೆ. ಅಂತಹ ದಿಬ್ಬವನ್ನು ಕಂಡಲ್ಲಿ, ಹಿಮದ ಅಂಚು ಇಲ್ಲಿ ಕೆಲಕಾಲ ತಂಗಿತ್ತೆಂದು ತಿಳಿಯಬಹುದು. ಈ ಗುರುತುಗಳನ್ನು ಹಿಂಬಾಲಿಸಿಯೇ, ಕಳೆದ ಹಿಮಯುಗದಿಂದ ಇಂದಿನವರೆಗೆ ಆ ಅಂಚು ರಾಸ್ ಸಮುದ್ರದಲ್ಲಿ 1,000 ಕಿಲೋಮೀಟರಿಗೂ ಹೆಚ್ಚು ದೂರ ಹಿಂದೆ ಸರಿದಿದೆಯೆಂದು ಕಂಡುಕೊಂಡಿದ್ದಾರೆ.

ಇಲ್ಲಿ ಒಂದು ತೊಡಕಿದೆ. ಹಿಮವು ಮುಂದೆ ಬರುವಾಗಲೆಲ್ಲ ಹಿಂದಿನ ಬಾರಿ ತಾನೇ ಬರೆದುದನ್ನು ಅಳಿಸುತ್ತ ಬರುತ್ತದೆ. ನಮ್ಮ ಕರಿಹಲಗೆಯಂತೆ, ಕೊನೆಯ ಪಾಠವು ಸ್ಪಷ್ಟವಾಗಿ ಉಳಿದು, ಮೊದಲಿನವು ಅರೆಬರೆಯಾಗಿ ಮಾಸಿರುತ್ತವೆ. ಹೀಗಿರಲು, ಗುರುತು ಕಾಣದ ಕಡೆಗೆ ಹಿಮವು ಬರಲೇ ಇಲ್ಲವೆಂದು ಹೇಳಬಹುದೇ? ಹೇಳಲಾಗದು. ಬಂದಿತ್ತೆಂದು ಹೇಳಬಹುದೇ? ಅದನ್ನೂ ಹೇಳಲಾಗದು. ಸಾಕ್ಷಿ ಅಳಿದಿದೆಯೆಂಬ ಮಾತು, ಘಟನೆ ನಡೆಯಲಿಲ್ಲವೆಂಬುದಕ್ಕೆ ಪ್ರಮಾಣವಲ್ಲ. ಮನಸ್ಸಿಗೆ ಬಂದುದನ್ನು ಕಲ್ಪಿಸಿಕೊಳ್ಳಲು ಕೊಟ್ಟ ಅಪ್ಪಣೆಯೂ ಅಲ್ಲ.

ನಮ್ಮ ನೈಯಾಯಿಕರು ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಎತ್ತಿಕೊಂಡಿದ್ದರು. ತುಂಬಿದ ಹೊಳೆಯನ್ನು ಕಂಡು ಮೇಲೆ ಮಳೆಯಾಗಿದೆಯೆಂದು ತಿಳಿಯುವುದು, ಕಾರ್ಯದಿಂದ ಕಾರಣವನ್ನು ಊಹಿಸುವ ಅನುಮಾನ. ಇದಕ್ಕೆ ನ್ಯಾಯಸೂತ್ರಗಳಲ್ಲಿಯೇ ಆಕ್ಷೇಪವೊಂದಿದೆ: ಕೆಳಗಡೆ ಎಲ್ಲಿಯಾದರೂ ತಡೆಯುಂಟಾದರೂ ಹೊಳೆ ತುಂಬುವುದಷ್ಟೆ? ಆಗ ಅನುಮಾನವು ಸುಳ್ಳಾಗದೇ? ಭಾಷ್ಯಕಾರನಾದ ವಾತ್ಸ್ಯಾಯನನು ಕೊಡುವ ಉತ್ತರವು ಮನನೀಯವಾದುದು. ಮಳೆಯಿಂದ ಬಂದ ನೆರೆಯೇ ಬೇರೆ: ಅದರ ಸೆಳೆತ ಬಿರುಸು, ಮೈತುಂಬ ನೊರೆ, ಎಲೆ ಕಟ್ಟಿಗೆಗಳನ್ನು ಹೊತ್ತು ಬರುತ್ತದೆ. ತಪ್ಪಿದ್ದು ಅನುಮಾನವಲ್ಲ, ಸರಿಯಾಗಿ ನೋಡದ ನಮ್ಮ ಕಣ್ಣು ಎಂಬುದು ಇದರ ತಾತ್ಪರ್ಯ.

ಕಡಲ ತಳದಲ್ಲಿಯೂ ಅದೇ ನ್ಯಾಯ. ಪದರಗಳನ್ನು ಕತ್ತರಿಸಲು ಹಿಮವೇ ಬೇಕೆಂದಿಲ್ಲ. ಕಡಲ ಪ್ರವಾಹವೂ ಕೆಸರಿನ ಕುಸಿತವೂ ಕತ್ತರಿಸಬಲ್ಲವು. ಆದರೆ ಪ್ರವಾಹವು ಮರಳು, ಕೆಸರು, ಕಲ್ಲುಗಳನ್ನು ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸುತ್ತದೆ. ಹಿಮವಾದರೋ ನುಣುಪು ಮಣ್ಣಿನಿಂದ ಹಿಡಿದು ಬಂಡೆಯವರೆಗೆ ಎಲ್ಲವನ್ನೂ ಕಲಸಿ ಒಂದೇ ರಾಶಿಯಾಗಿ ಬಿಟ್ಟುಹೋಗುತ್ತದೆ. ಹರಿದ ದಿಕ್ಕಿನಲ್ಲಿ ನೇಗಿಲ ಸಾಲುಗಳಂತೆ ಸಮಾನಾಂತರವಾದ ಏಣುಗಳನ್ನು ಕಿಲೋಮೀಟರುಗಟ್ಟಲೆ ಮೂಡಿಸುತ್ತದೆ. ಇವೇ ಇಲ್ಲಿಯ ನೊರೆ, ಎಲೆ, ಕಟ್ಟಿಗೆಗಳು.

ಇಷ್ಟಾದರೂ ಮಾರ್ದನಿಯು ಒಬ್ಬಂಟಿ ಸಾಕ್ಷಿ. ಅದು ಪದರದ ಆಕಾರವನ್ನು ಹೇಳಬಲ್ಲದು, ವಯಸ್ಸನ್ನು ಹೇಳಲಾರದು. ಆದುದರಿಂದ ಎರಡನೆಯ ಸಾಕ್ಷಿಯನ್ನು ಕರೆಯಬೇಕಾಯಿತು. 1973ರಲ್ಲಿ 'ಗ್ಲೋಮಾರ್ ಚಾಲೆಂಜರ್' ಎಂಬ ಹಡಗು ರಾಸ್ ಸಮುದ್ರದ ತಳವನ್ನು ಕೊರೆದು ಮಣ್ಣಿನ ಕಂಬಗಳನ್ನು ಮೇಲೆತ್ತಿದಾಗ, ಸುಮಾರು 2.5 ಕೋಟಿ ವರ್ಷಗಳ ಹಿಂದಿನ ಕೆಸರಿನಲ್ಲಿಯೇ ಹಿಮವು ತಂದ ಕಲ್ಲುಗಳು ದೊರೆತವು. ಅಲ್ಲಿಯ ಹಿಮದ ಚರಿತ್ರೆಯು ಅದುವರೆಗೆ ಅನೇಕರು ಎಣಿಸಿದ್ದುದಕ್ಕಿಂತ ಬಹಳ ಹಳೆಯದೆಂದು ಗೊತ್ತಾಯಿತು. 2006-07ರಲ್ಲಿ 'ಆಂಡ್ರಿಲ್' ಯೋಜನೆಯವರು ತೇಲುವ ಹಿಮದ ಮೂಲಕವೇ ಕೊಳವೆಯನ್ನಿಳಿಸಿ, ತಳದ ಕೆಳಗೆ 1,280 ಮೀಟರಿಗೂ ಹೆಚ್ಚು ಆಳದವರೆಗೆ ಕೊರೆದರು. ಆ ಕಂಬದಲ್ಲಿ ಹಿಮವು ಬಿಟ್ಟ ಕಲಸುರಾಶಿಯ ಪದರ, ಅದರ ಮೇಲೆ ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳ ಚಿಪ್ಪಿನ ಪದರ, ಮತ್ತೆ ಕಲಸುರಾಶಿ, ಹೀಗೆ ಸರದಿಯಾಗಿ ಕಂಡುಬಂದವು. ಡಯಾಟಮುಗಳಿಗೆ ಬಿಸಿಲು ಬೇಕು. ಎಂದರೆ ಅಲ್ಲಿ ಒಮ್ಮೆ ಹಿಮ, ಒಮ್ಮೆ ತೆರೆದ ಕಡಲು. ಅದೂ ಒಂದೆರಡು ಬಾರಿಯಲ್ಲ, ಹಲವಾರು ಬಾರಿ. ಮೇಲ್ಮೈಯಲ್ಲಿ ಅಳಿಸಿದಂತಿದ್ದ ಪಾಠಗಳು ಆಳದಲ್ಲಿ ಉಳಿದಿದ್ದವು.

ಸಾಕ್ಷಿಯ ವಿಚಾರದಲ್ಲಿ ಎರಡು ಬಗೆಯ ಅಪರಾಧಗಳಿವೆ. ಸಾಕ್ಷಿ ಹೇಳಿದುದಕ್ಕಿಂತ ಹೆಚ್ಚು ಹೇಳುವುದು ಒಂದು. ಸಾಕ್ಷಿ ಎದುರಿಗಿದ್ದರೂ ಕೇಳದಿರುವುದು ಇನ್ನೊಂದು. ಎರಡನೆಯದಕ್ಕೆ ಹಿಮದ ಚರಿತ್ರೆಯಲ್ಲಿಯೇ ಒಂದು ಪ್ರಸಂಗವಿದೆ. 1815ರಲ್ಲಿ ಸ್ವಿಟ್ಜರ್ಲೆಂಡಿನ ಬೆಟ್ಟದ ಬೇಟೆಗಾರನಾದ ಪೆರೊದಾಂ ಎಂಬವನು, ತಮ್ಮ ಕಣಿವೆಯ ದೊಡ್ಡ ಬಂಡೆಗಳನ್ನು ಹಿಂದೊಮ್ಮೆ ಹಿಮನದಿಯೇ ಹೊತ್ತು ತಂದಿರಬೇಕೆಂದು ಶಾರ್ಪಾಂತಿಯೆ ಎಂಬ ವಿದ್ವಾಂಸನಿಗೆ ಹೇಳಿದನು. ಶಾರ್ಪಾಂತಿಯೆಗೆ ಅದು ಪರಿಶೀಲನೆಗೂ ಯೋಗ್ಯವಲ್ಲದ ವಿಚಿತ್ರವಾಗಿ ತೋರಿತು. ವರ್ಷಗಳು ಕಳೆದ ಮೇಲೆ ತಾನೇ ಗುರುತುಗಳನ್ನು ಹುಡುಕಿ ನೋಡಿ ಅವನು ಮನಸ್ಸು ಬದಲಾಯಿಸಿದನು. 1841ರ ತನ್ನ ಗ್ರಂಥದಲ್ಲಿ ಬೇಟೆಗಾರನ ಮಾತನ್ನೂ ತನ್ನ ಅಂದಿನ ಅಪನಂಬಿಕೆಯನ್ನೂ ಮುಚ್ಚಿಡದೆ ಬರೆದನು. ಬಂಡೆಗಳ ನಡುವೆ ಬಾಳಿದವನ ಮಾತನ್ನು ಓದಿದವನು ತಳ್ಳಿಹಾಕಿದುದು ತಪ್ಪು. ತಪ್ಪನ್ನು ತಾನೇ ಅಚ್ಚಿನಲ್ಲಿ ಒಪ್ಪಿಕೊಂಡುದು ವಿದ್ವತ್ತಿಗಿಂತ ದೊಡ್ಡ ಗುಣ.

ಇಷ್ಟು ಹಳೆಯ ಹಿಮದ ಚಿಂತೆ ನಮಗೇಕೆಂದು ಕೆಲವರು ಕೇಳಬಹುದು. ಪಶ್ಚಿಮ ಅಂಟಾರ್ಕ್ಟಿಕಾದ ಹಿಮರಾಶಿಯ ಬಹುಭಾಗವು ಸಮುದ್ರಮಟ್ಟಕ್ಕಿಂತ ಕೆಳಗಿರುವ ನೆಲದ ಮೇಲೆ ಕುಳಿತಿದೆ. ಅದು ಪೂರ್ತಿಯಾಗಿ ಕರಗಿದರೆ ಲೋಕದ ಸಮುದ್ರಗಳು ಸರಾಸರಿ 3 ಮೀಟರಿಗೂ ಹೆಚ್ಚು ಏರುತ್ತವೆ. ಕಡಲುಗಳೆಲ್ಲ ಒಂದಕ್ಕೊಂದು ಕೂಡಿಕೊಂಡಿರುವುದರಿಂದ, ಕಾಸರಗೋಡಿನ ಕರೆಯಲ್ಲಿ ಬಲೆ ಒಣಗಿಸುವವನಿಗೂ ಈ ಲೆಕ್ಕವು ಸಂಬಂಧಿಸಿದ್ದೇ. ಆ ಹಿಮವು ಹಿಂದೆ ಎಷ್ಟು ಬಿಸಿಗೆ, ಎಷ್ಟು ವೇಗವಾಗಿ ಹಿಮ್ಮೆಟ್ಟಿತೆಂಬುದಕ್ಕೆ ಕಡಲ ತಳದ ಬರಹವನ್ನೇ ಕೇಳಬೇಕು. ಇಲ್ಲಿ ಅತಿಶಯೋಕ್ತಿಯು ಜನರನ್ನು ವೃಥಾ ಹೆದರಿಸುತ್ತದೆ, ಇಲ್ಲವೆ ಮುಂದೆ ಬರುವ ಸತ್ಯವನ್ನೂ ನಂಬದಂತೆ ಮಾಡುತ್ತದೆ. ಉದಾಸೀನವು ಸಿದ್ಧರಾಗಬೇಕಾದವರನ್ನು ಮಲಗಿಸಿಬಿಡುತ್ತದೆ. ಇದ್ದಷ್ಟನ್ನೇ ಹೇಳುವ ಸಂಯಮವು ಹೀಗೆ ಪರರ ಪ್ರಾಣಕ್ಕೂ ಸಂಬಂಧಿಸಿದ ಧರ್ಮವಾಗುತ್ತದೆ.

ಇನ್ನು ಆ ಹುಡುಗನ ಪ್ರಶ್ನೆಗೆ ಬರೋಣ. "ಇಲ್ಲ ಮಗೂ, ಯಾರೂ ಕಂಡಿಲ್ಲ" ಎಂದೇ ನಾವು ಮೊದಲು ಹೇಳಬೇಕು. ಹಾಗೆ ಹೇಳಿದರೆ ಪಾಠದ ಗೌರವ ಕುಗ್ಗುವುದೆಂಬ ಭಯ ಬೇಡ. ಆಮೇಲೆ ಕರಿಹಲಗೆಯ ಮೇಲೆ ಹಡಗನ್ನೂ ತಳವನ್ನೂ ಬರೆದು, 0.8 ಸೆಕೆಂಡಿನ ಲೆಕ್ಕವನ್ನು ಅವನಿಂದಲೇ ಮಾಡಿಸಬೇಕು. ಮಾರ್ದನಿಯು ಏನು ಹೇಳಿತು, ಕೊರೆದ ಮಣ್ಣು ಏನು ಹೇಳಿತು, ಎರಡೂ ಎಲ್ಲಿ ಒಂದಾದವು ಎಂಬುದನ್ನು ತೋರಿಸಬೇಕು. ಆಗ ಅವನು ನಮ್ಮ ಮಾತಿಗೆ ತಲೆಬಾಗಿ ಕುಳಿತುಕೊಳ್ಳುವುದಿಲ್ಲ. ದಾರಿಯನ್ನು ತಾನೇ ನಡೆದು ನೋಡಿ ಕುಳಿತುಕೊಳ್ಳುತ್ತಾನೆ. ಮರುದಿನ ಇನ್ನೊಂದು ಪ್ರಶ್ನೆಯೊಡನೆ ಅವನು ಎದ್ದು ನಿಂತರೆ, ಪಾಠವು ಕೈಗೂಡಿತೆಂದು ನಾವು ಸಂತೋಷಪಡಬಹುದು.